ಭಂಡಾರ ಹಚ್ಚಿದ ಲೆಕ್ಕಗಳು

ಮೂಡಲಗಿ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆ ಪುಸ್ತಕ ದಾರಕ್ಕೆ ಜೋತುಬಿದ್ದಿತ್ತು. ಮುಖಪುಟದ ಮೇಲೆ ಕೈಕಟ್ಟಿಕೊಂಡು ನಿಂತ ಸದಾಶಿವ ಸರ್ ಅವರ ಫೋಟೊ, ಕೆಳಗೆ ‘ಗಣಿತ ಮತ್ತು ಭೌತಶಾಸ್ತ್ರ: ಬಿಡಿಸಿದ ಇನ್ನೂರು ಲೆಕ್ಕಗಳು’ ಎಂಬ ಹೆಸರು. ಅನ್ನಪೂರ್ಣಾ ನಿಂತಲ್ಲೇ ಪುಟ ತಿರುವಿದಳು. ಮೊದಲನೆಯ ಲೆಕ್ಕ ಅವಳದು. ಎರಡನೆಯದೂ ಅವಳದೇ. ಒಂಬತ್ತನೆಯದರ ಬದಿಗೆ ‘ಇಲ್ಲಿ ಅವಸರ ಬೇಡ, ಮೊದಲು ಚಿತ್ರ ಬರಿ’ ಎಂದು ಮಕ್ಕಳಿಗಾಗಿ ಅವಳು ಗೀಚಿದ್ದ ಮಾತು ಕೂಡ ಹಾಗೆಯೇ ಅಚ್ಚಾಗಿತ್ತು.

ಅವಳು ಮುಂದಿನ ಪುಟಗಳನ್ನು ಅವಸರದಿಂದ ತಿರುವಿದಳು. ಆದರೆ ನಲವತ್ತೇಳನೆಯ ಲೆಕ್ಕಕ್ಕೆ ಬಂದಾಗ ನಿಲ್ಲಿಸಿದಳು. ಅದನ್ನು ಎರಡು ಸಲ ಓದಿದಳು. ಆಮೇಲೆ ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.

ಗೋಕಾಕದಲ್ಲಿ ಸದಾಶಿವ ಸರ್ ನಡೆಸುವ ಟ್ಯೂಷನ್ ಕ್ಲಾಸಿನಲ್ಲಿ ಅವಳು ನಾಲ್ಕು ವರ್ಷ ಕೆಲಸ ಮಾಡಿದ್ದಳು. ಕೆಳಗಿನ ದೊಡ್ಡ ಹಾಲಿನಲ್ಲಿ ಸರ್ ಮೈಕ್ ಹಿಡಿದು ಪಾಠ ಹೇಳುತ್ತಿದ್ದರು. ಅಲ್ಲಿ ತಿಳಿಯದ ಲೆಕ್ಕಗಳೆಲ್ಲ ಮೆಟ್ಟಿಲು ಹತ್ತಿ, ಮೇಲಿನ ಸಣ್ಣ ಕೋಣೆಗೆ, ಅನ್ನಪೂರ್ಣಾಳ ಮೇಜಿಗೆ ಬರುತ್ತಿದ್ದವು. ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು ಆಕೆ. ತನಗೆ ಬರುವುದು ನಿಜವಾಗಿ ಬರುತ್ತದೆಯೋ ಇಲ್ಲವೋ ಎಂಬ ಅಂಜಿಕೆ ಅವಳನ್ನು ಎಂದೂ ಬಿಟ್ಟಿರಲಿಲ್ಲ. ಒಂದು ಲೆಕ್ಕವನ್ನು ಮೂರು ದಾರಿಯಿಂದ ಬಿಡಿಸಿ, ಮೂರರಲ್ಲೂ ಒಂದೇ ಉತ್ತರ ಬಂದ ಮೇಲೆಯೇ ಅವಳು ಮಕ್ಕಳಿಗೆ ತೋರಿಸುತ್ತಿದ್ದಳು.

ಸರಿಯಾದದ್ದನ್ನು ಹೇಳಿಕೊಟ್ಟರೆ ಮಕ್ಕಳು ತಲೆ ಆಡಿಸಿ ಹೋಗುತ್ತಾರೆ, ನಾಳೆ ಮತ್ತೆ ಅದೇ ತಪ್ಪು ಮಾಡುತ್ತಾರೆ ಎಂಬುದು ಮೊದಲ ವರ್ಷವೇ ಅವಳಿಗೆ ತಿಳಿದಿತ್ತು. ಅದಕ್ಕೇ ಮಕ್ಕಳು ಸಾಮಾನ್ಯವಾಗಿ ಎಡವುವ ಕೆಲವು ಲೆಕ್ಕಗಳನ್ನು ಬೇಕೆಂದೇ ತಪ್ಪಾಗಿ, ಆದರೆ ಅಂದವಾದ ಅಕ್ಷರದಲ್ಲಿ, ಕೊನೆಯ ಉತ್ತರದ ಕೆಳಗೆ ಗೆರೆ ಎಳೆದು ಬರೆದಿಡುತ್ತಿದ್ದಳು. “ಇದರಾಗ ಕಾಲು ಎಲ್ಲಿ ಜಾರೇತಿ, ಹುಡುಕ್ರಿ ನೋಡೋಣು,” ಎನ್ನುತ್ತಿದ್ದಳು. ಹುಡುಕಿದ ಮಕ್ಕಳು ಆ ತಪ್ಪನ್ನು ಮತ್ತೆ ಮಾಡುತ್ತಿರಲಿಲ್ಲ.

ಅಂಥ ಲೆಕ್ಕಗಳು ಸರಿಯಾದವುಗಳ ಜೊತೆ ಬೆರೆತುಹೋಗಬಾರದೆಂದು ಪುಟದ ಮೂಲೆಗೆ ಒಂದು ಚಿಟಿಕೆ ಭಂಡಾರ ತಿಕ್ಕುತ್ತಿದ್ದಳು. ಅದು ಅಂಕಲಗಿಯಲ್ಲಿ ಅಪ್ಪ ಭೀಮರಾಯ ಮಾಡುತ್ತಿದ್ದ ಕೆಲಸ. ಹಿಂಡಿನಿಂದ ಬೇರೆ ಮಾಡಬೇಕಾದ ಕುರಿಯ ಹಣೆಗೆ ಅವನು ದೇವರ ಮುಂದಿನ ಭಂಡಾರದ ಅರಿಶಿನಪುಡಿ ಹಚ್ಚಿಬಿಡುತ್ತಿದ್ದ. ಇಲ್ಲದಿದ್ದರೆ ಎಲ್ಲ ಕುರಿಗಳ ಮುಖವೂ ಒಂದೇ. ಇನ್ನೂರು ಲೆಕ್ಕಗಳ ನೋಟ್‌ಬುಕ್ಕಿನಲ್ಲಿ ಭಂಡಾರ ಹಚ್ಚಿದವು ಹನ್ನೊಂದು.

“ಎರಡು ದಿನ ಕೊಡು, ನೋಡಿ ಕೊಡತೇನಿ,” ಎಂದು ಸರ್ ಆ ನೋಟ್‌ಬುಕ್ ಒಯ್ದಿದ್ದರು, ಹೇಳಿದಂತೆ ವಾಪಸು ಕೊಟ್ಟೂ ಇದ್ದರು. ಪುಸ್ತಕ ಬರುತ್ತದೆಂಬ ಸುದ್ದಿ ಕಿವಿಗೆ ಬಿದ್ದಾಗ ಅವಳು ಹಾಲಿಗೆ ಇಳಿದುಹೋಗಿ, “ಸರ್ರ, ಒಳಗ ಎಲ್ಲ್ಯಾರ ಸಣ್ಣ ಅಕ್ಷರದಾಗ ನನ್ನ ಹೆಸರೂ ಹಾಕ್ರಿ,” ಎಂದು ಕೇಳಿದ್ದಳು. ಸರ್ ಮೈಕ್ ಬಂದ್ ಮಾಡದೆಯೇ ಉತ್ತರ ಕೊಟ್ಟಿದ್ದರು.

“ಸಂಜಿ ಕಾಲೇಜಿನ್ಯಾಗ ಕಲ್ತಾಕಿ ಹೆಸರ ನೋಡಿ ಪುಸ್ತಕ ಯಾರ ತಗೋತಾರವಾ? ಇದು ಭೌತಶಾಸ್ತ್ರ ಐತಿ, ನಿಮ್ಮಪ್ಪನ ಕುರಿ ಎಣಸೂ ಕೆಲಸಲ್ಲ.”

ನೂರಿಪ್ಪತ್ತು ಮಕ್ಕಳು ನಕ್ಕಿದ್ದರು. ಮರುದಿನದಿಂದ ಅವಳು ಹೋಗಲಿಲ್ಲ. ಮೂಡಲಗಿಯಲ್ಲಿ ಅಕ್ಕ ವಿಜಯಲಕ್ಷ್ಮಿಯ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಉಳಿದಳು. ಪಾಠದ ನಡುವೆ, ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಕೂತಾಗ, ಆ ನಗು ಕಿವಿಯಲ್ಲಿ ಏಳುತ್ತಲೇ ಇತ್ತು.

ಈಗ ಅಂಗಡಿಯ ಮುಂದೆ ನಿಂತು ಅವಳು ಒಂದೊಂದಾಗಿ ಹುಡುಕಿದಳು. ಹನ್ನೊಂದಕ್ಕೆ ಹನ್ನೊಂದೂ ತಪ್ಪಿನ ಸಮೇತ ಇದ್ದವು. ಸರ್ ನೋಟ್‌ಬುಕ್ಕನ್ನು ಝೆರಾಕ್ಸ್ ಮಾಡಿಸಿಕೊಂಡಾಗ ಯಂತ್ರಕ್ಕೆ ಕಪ್ಪು ಮಸಿ ಕಂಡಿತ್ತು, ಹಳದಿ ಕಂಡಿರಲಿಲ್ಲ.

ಅಂಗಡಿಯ ಬಾಗಿಲಿಗೇ ಒಂದು ಪೋಸ್ಟರ್ ಹಚ್ಚಿದ್ದರು. ಹುಕ್ಕೇರಿಯಲ್ಲಿ ಸದಾಶಿವ ಸರ್ ಅವರ ಹೊಸ ಶಾಖೆ. ಬರುವ ಭಾನುವಾರ ಬೆಳಿಗ್ಗೆ ಪಾಲಕರ ಸಭೆ. ಪುಸ್ತಕದ ಯಾವುದೇ ಲೆಕ್ಕ ಕೇಳಿ, ಬೋರ್ಡಿನ ಮೇಲೆ ಉತ್ತರ ನೋಡಿ. ‘ಕೇಳತೇನಿ,’ ಎಂದುಕೊಂಡಳು ಅನ್ನಪೂರ್ಣಾ. ಮನೆಗೆ ಹೋಗಿ ನಲವತ್ತೇಳನ್ನು ಮತ್ತೆ ಮೂರು ದಾರಿಯಿಂದ ಬಿಡಿಸಿದಳು. ತಾನೇ ತಪ್ಪಿದ್ದರೆ? ಇಲ್ಲ. ಹದಿನೈದೇ. ಇಪ್ಪತ್ತು ಅಲ್ಲ.

ಗುರುವಾರ ಅದೇ ಓಣಿಯ ಪದ್ಮಶ್ರೀ ಬಂದಳು. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಕೆಂಚಪ್ಪನ ಮಗಳು. ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ, ಸರ್ ಕ್ಲಾಸಿಗೆ ಹೋಗುವವಳು.

“ಅಕ್ಕೋರ, ನಲವತ್ತೇಳನೇದು ನೋಡ್ರಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ತಾಸಿಗೆ ಹತ್ತು ಕಿಲೋಮೀಟರಿನಂಗ ಕಾರ್ಖಾನಿಗೆ ಹೋಗತೈತಿ, ಖಾಲಿ ಆಗಿ ಅದ ದಾರ್‍ಯಾಗ ಮೂವತ್ತರಂಗ ಬರತೈತಿ. ಸರಾಸರಿ ವೇಗ ನಂಗ ಹದಿನೈದು ಬರಾಕತ್ತೇತಿ. ಪುಸ್ತಕದಾಗ ಇಪ್ಪತ್ತು ಐತಿ. ಮೂರು ಸಲ ಮಾಡೇನ್ರಿ.”

ಮೂರು ಸಲ. ಥೇಟ್ ಅನ್ನಪೂರ್ಣಾಳ ಹಾಗೆ. ಹದಿನೈದೇ ಸರಿ ಎಂದರೆ ಹುಡುಗಿ ನಾಳೆಯೇ ಸರ್‌ಗೆ ಹೇಳುತ್ತಾಳೆ. ಸರ್ ತಿದ್ದಿಕೊಳ್ಳುತ್ತಾರೆ. ಭಾನುವಾರ ಕೈ ತಪ್ಪಿಹೋಗುತ್ತದೆ.

“ಪುಸ್ತಕದಾಗ ಇದ್ದದ್ದ ಖರೆ ಇರಬೇಕವಾ,” ಎಂದಳು. “ಅದನ್ನ ಬರಕೊ.”

ಪದ್ಮಶ್ರೀ ತನ್ನ ಹದಿನೈದರ ಮೇಲೆ ಅಡ್ಡಗೆರೆ ಎಳೆದಳು. ಅನ್ನಪೂರ್ಣಾ ಅತ್ತ ನೋಡಲಿಲ್ಲ. ಭಾನುವಾರದ ನಂತರ ಎಲ್ಲ ತಿಳಿಸಿ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹುಕ್ಕೇರಿಯ ಕಲ್ಯಾಣ ಮಂಟಪ ತುಂಬಿತ್ತು. ಅನ್ನಪೂರ್ಣಾ ತಲೆಯ ಮೇಲೆ ಸೆರಗು ಹೊದ್ದು, ನೋಟ್‌ಬುಕ್ ಅವುಚಿಕೊಂಡು, ಹೆಂಗಸರ ನಡುವೆ ಕೂತಿದ್ದಳು. ವೇದಿಕೆಯ ಮುಂದೆ ಸರ್ ಕ್ಲಾಸಿನ ಜಾಣ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಅದರಲ್ಲಿ ಪದ್ಮಶ್ರೀಯೂ ಇದ್ದಳು. ಅದು ಅನ್ನಪೂರ್ಣಾಳ ಎಣಿಕೆಯಲ್ಲಿ ಇರಲಿಲ್ಲ. ಆದರೂ ಪ್ರಶ್ನೆ ಕೇಳಿ ಎಂದಾಗ, ಮೊದಲು ಏರಿದ ಕೈ ಅವಳದೇ.

“ನಲವತ್ತೇಳು,” ಎಂದಳು ಸೆರಗಿನ ಒಳಗಿನಿಂದ.

ಸರ್ ಪುಸ್ತಕದಲ್ಲಿ ಒಮ್ಮೆ ಇಣುಕಿ ನಕ್ಕರು. “ಇಷ್ಟ ಸಣ್ಣ ಲೆಕ್ಕಕ್ಕ ನಾ ಯಾಕ ಬೇಕ್ರಿ? ನಮ್ಮ ಹುಡುಗಿ ಮಾಡಿ ತೋರಸ್ತಾಳ. ಏಳು ಪದ್ಮಶ್ರೀ.”

ಹುಡುಗಿ ಬೋರ್ಡಿನ ಮುಂದೆ ನಿಂತು ಸುಣ್ಣದ ಕಡ್ಡಿ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿ, ಹತ್ತು ಮತ್ತು ಮೂವತ್ತು ಕೂಡಿಸಿ ಅರ್ಧ ಮಾಡಿ, ಇಪ್ಪತ್ತು ಎಂದು ಬರೆದಳು.

“ಶಭಾಶ್! ಬರೋಬ್ಬರಿ ಐತಿ!” ಎಂದರು ಸರ್. ಚಪ್ಪಾಳೆ ಬಿತ್ತು.

ಮಗಳ ಜೊತೆ ಬಂದಿದ್ದ ಕೆಂಚಪ್ಪ ಹಿಂದಿನ ಸಾಲಿನಿಂದ ಎದ್ದ. “ಸರ್ರ, ಸಿಟ್ಟಾಗಬ್ಯಾಡ್ರಿ. ಮೂವತ್ತು ಕಿಲೋಮೀಟರ್ ದಾರಿ ಅಂತ ಹಿಡೀರಿ. ಲೋಡ್ ಇದ್ರ ಮೂರು ತಾಸು, ಖಾಲಿ ಬರಾಕ ಒಂದು ತಾಸು. ನಾಲ್ಕು ತಾಸಿನ್ಯಾಗ ಅರವತ್ತು ಕಿಲೋಮೀಟರ್. ತಾಸಿಗೆ ಹದಿನೈದ ಆತಲ್ರಿ? ಇಪ್ಪತ್ತು ಎಲ್ಲಿಂದ ಬಂತು?”

“ಏ ಕಾಕಾ, ಟ್ರ್ಯಾಕ್ಟರ್ ಹೊಡಿಯೂದ ಬ್ಯಾರೆ, ಭೌತಶಾಸ್ತ್ರ ಬ್ಯಾರೆ. ಕುಂಡ್ರು!”

ಮಂಟಪ ನಕ್ಕಿತು. ಅದೇ ನಗು. ಈ ಸಲ ಅದು ಕೆಂಚಪ್ಪನ ಮೇಲೆ ಬಿದ್ದಿತ್ತು. ಬೋರ್ಡಿನ ಪಕ್ಕದಲ್ಲಿ ನಿಂತ ಅವನ ಮಗಳ ಕಣ್ಣು ತುಂಬಿದ್ದವು. ಅನ್ನಪೂರ್ಣಾ ಸೆರಗು ಜಾರಿಸಿ ಎದ್ದು ನಿಂತಳು.

“ಕಾಕಾ ಹೇಳಿದ್ದ ಖರೆ ಐತಿ. ಗುರುವಾರ ಈ ಹುಡುಗಿಗೂ ಹದಿನೈದ ಬಂದಿತ್ತು. ಅದನ್ನ ಬಿಟ್ಟು ಪುಸ್ತಕದಾಗಿನದ ಬರಕೊ ಅಂದಾಕಿ ನಾನು. ತಪ್ಪು ನಂದು.” ಅವಳು ಸರ್ ಕಡೆ ತಿರುಗಿದಳು. “ಆದ್ರ ಸರ್ರ, ನೀವ್ಯಾಕ ಬರೋಬ್ಬರಿ ಅಂದ್ರಿ?”

ಸರ್ ಪುಸ್ತಕದ ಪುಟ ತಿರುವಿದರು. “ಪ್ರಿಂಟಿನ್ಯಾಗ ಏನೋ ಒಂದು ತಪ್ಪಾಗಿರಬೇಕು…”

“ಒಂದಲ್ರಿ, ಹನ್ನೊಂದು.” ಅವಳು ನೋಟ್‌ಬುಕ್ ಬಿಚ್ಚಿ, ಹಳದಿ ಮೂಲೆಗಳನ್ನು ಎತ್ತಿ ತೋರಿಸುತ್ತ ವೇದಿಕೆಯತ್ತ ನಡೆದಳು. “ಇದು ನನ್ನ ಕೈಬರಹ. ಮಕ್ಕಳು ತಪ್ಪು ಹುಡುಕಲಿ ಅಂತ ಬರದು, ಭಂಡಾರ ಹಚ್ಚಿದ್ದೆ. ನಿಮ್ಮ ಝೆರಾಕ್ಸಿಗೆ ಅದು ಕಾಣಲಿಲ್ಲ. ಹನ್ನೆರಡು. ಮೂವತ್ತೊಂದು. ಎಪ್ಪತ್ತು. ನೂರಾ ಹನ್ನೆರಡು…” ಒಂದೊಂದು ಅಂಕಿಗೂ ಮಂಟಪದಲ್ಲಿ ಪುಟಗಳು ಸರಸರ ತಿರುಗಿದವು. ಆ ಸದ್ದು ಅವಳಿಗೆ ಬಹಳ ಹಿತವಾಗಿತ್ತು. ಅವಳು ಅಂಕಿಗಳನ್ನು ಬೇಕೆಂದೇ ನಿಧಾನವಾಗಿ ಹೇಳಿದಳು.

“ನೂರಾ ಹನ್ನೆರಡು ನೀವ ಮಾಡಿ ತೋರಸ್ರಿ, ಸರ್ರ,” ಎಂದ ಕೆಂಚಪ್ಪ. ಹಿಂದೆ ಹತ್ತಾರು ದನಿ ಕೂಡಿದವು. ಸರ್ ಸುಣ್ಣದ ಕಡ್ಡಿ ತೆಗೆದುಕೊಂಡರು. ಬೋರ್ಡಿಗೆ ಒತ್ತಿ ಹಿಡಿದರು. ಕಡ್ಡಿ ಮುರಿಯಿತು. ಇನ್ನೊಂದು ಕಡ್ಡಿಗೆ ಅವರು ಬಗ್ಗಲಿಲ್ಲ.

ಜನ ಬೈಯುತ್ತ ಹೊರಬೀಳುತ್ತಿದ್ದಾಗ ಪದ್ಮಶ್ರೀ ಡಸ್ಟರ್ ತೆಗೆದುಕೊಂಡು ಇಪ್ಪತ್ತನ್ನು ಒರೆಸಿ, ಹದಿನೈದು ಎಂದು ಬರೆದಳು. ಆಮೇಲೆ ಅನ್ನಪೂರ್ಣಾಳ ಹತ್ತಿರ ಬಂದಳು.

“ಗುರುವಾರ ನಂಗ ಹೇಳಿದ್ರಲ್ಲ, ಆ ಮಾತಿಗೂ ಒಂದೀಟ ಭಂಡಾರ ಹಚ್ಚಿ ಹೇಳಬೇಕಿತ್ರಿ, ಅಕ್ಕೋರ.”

ಹುಡುಗಿ ಕೈ ಚಾಚಿದಳು. “ಉಳಿದ ಹತ್ತರಾಗಿನ ತಪ್ಪು ನಾನ ಹುಡುಕತೇನಿ. ಕೊಡ್ರಿ.”

ತನ್ನದೆಂದು ಊರಿಗೆಲ್ಲ ತೋರಿಸಲು ತಂದಿದ್ದ ನೋಟ್‌ಬುಕ್ಕನ್ನು ಅನ್ನಪೂರ್ಣಾ ಆ ಕೈಯಲ್ಲಿಟ್ಟಳು. ಅಪ್ಪ ಮಗಳು ತಿರುಗಿ ನೋಡದೆ ಮೂಡಲಗಿಯ ಕಡೆ ಹೋಗುವ ಟೆಂಪೋ ಹತ್ತಿದರು.

ಅವರ ಜೊತೆ ಟೆಂಪೋ ಹತ್ತಲಾರದೆ ಅನ್ನಪೂರ್ಣಾ ಗೋಕಾಕದ ಮೇಲೆ ಹೋಗುವ ಬಸ್ಸು ಹಿಡಿದಳು. ಕಿಟಕಿಯ ಪಕ್ಕ ಕೂತು, ಸರ್ ಕೈಯ ಆ ಕಡ್ಡಿಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಮುರಿಸಿದಳು. ಪ್ರತಿ ಸಲವೂ ಅದು ಮೊದಲಿನಷ್ಟೇ ರುಚಿಯಾಗಿತ್ತು. ಹಾಗೆ ರುಚಿಯಾಗುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು. ಬೆರಳಿಗೆ ಹತ್ತಿದ್ದ ಹಳದಿಯನ್ನು ಸೆರಗಿಗೆ ಒರೆಸಿಕೊಂಡಳು. ಅದು ಹೋಗಲಿಲ್ಲ.