ಕರುವಿನ ಪಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು, ಪ್ರಲ್ಹಾದರಾಯರು, ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇರಲಿ. ನನಗೆ ಸಿಟ್ಟಿಲ್ಲದಿದ್ದರೆ ಚನ್ನಬಸವ್ವನ ಹೊಲದ ಸಲುವಾಗಿ ಯೋಜನಾ ಕಚೇರಿಯ ಮೆಟ್ಟಿಲು ಹತ್ತುವವರು ಯಾರಿದ್ದರು?

ಇವರಿಗೆ ಪುಣೆ ಕಡೆಯ ಕುರಕುಂಭದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಕಳೆದ ಚೈತ್ರದಲ್ಲಿ ಧಾರವಾಡ ಬಿಟ್ಟು ಪುಣೆಗೆ ಬಂದೆವು. ಕೊಂಢವಾ ಬಡಾವಣೆಯ ಅಂಚಿನಲ್ಲಿ, ನಾಲ್ಕನೆಯ ಮಹಡಿಯಲ್ಲಿ ಮನೆ. ಎತ್ತ ನೋಡಿದರೂ ಸಿಮೆಂಟು, ಕ್ರೇನು, ಧೂಳು. ಅಡುಗೆಮನೆಯ ಕಿಟಕಿಯ ಕೆಳಗೆ ಮಾತ್ರ ಎರಡು ಎಕರೆ ಹಸಿರು ಮೇವು, ಒಂದು ತಗಡಿನ ಕೊಟ್ಟಿಗೆ, ನಾಲ್ಕೈದು ಆಕಳು. ಅದು ಚನ್ನಬಸವ್ವನದು. ಅವಳು ಗೋಕಾಕದ ಕಡೆಯವಳು, ಮದುವೆಯಾಗಿ ಮರಾಠಿ ಮಾತಾಡುವ ಮನೆ ಸೇರಿದವಳು. ಗಂಡ ತೀರಿಹೋದ ಮೇಲೂ ಹೊಲ ಬಿಡಲಿಲ್ಲ.

ಮೊದಲ ಸಲ ಹಾಲಿಗೆ ಹೋದಾಗ ಅವಳು ಆಕಳಿಗೆ, "ಸರಿಯ ನಮ್ಮವ್ವ, ಕಾಲ ತುಳೀಬ್ಯಾಡ" ಅನ್ನುತ್ತಿದ್ದಳು. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನ್ನ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಅವಳು ಕನ್ನಡ ಆಡುತ್ತಿದ್ದದ್ದು ಆಕಳುಗಳ ಸಂಗಡ ಮಾತ್ರವಂತೆ. ಸುಖವಿರಲಿ ದುಃಖವಿರಲಿ, ಮೊದಲು ಹೇಳುವುದು ಹಿರಿಯ ಆಕಳು ತುಂಗಿಗೆ. ಆಮೇಲೆ ನಾನು ಗೆಳತಿಯಾದೆ, ಖರೆ, ಆದರೆ ನನ್ನದು ಎರಡನೆಯ ನಂಬರೇ. ತುಂಗಿಗೆ ಹೇಳಿ ಮುಗಿಸಿದ ಮೇಲೆ ನನ್ನ ಕಡೆ ಹೊರಳುತ್ತಿದ್ದಳು. ಇದರ ಮೇಲೆ ನಾನು ಎಷ್ಟೋ ಸಲ ಮುನಿಸಿಕೊಂಡಿದ್ದೇನೆ.

ಮಳೆಗಾಲದಲ್ಲಿ ಯೋಜನಾ ಕಚೇರಿಯಿಂದ ಹೊಸ ನಕಾಶೆ ಬಂತು. ಅದರಲ್ಲಿ ರಸ್ತೆಯೊಂದು ಹೊಲವನ್ನು ಸೀಳಿಕೊಂಡು ನೇರ ಕೊಟ್ಟಿಗೆಯ ಮೇಲೇ ಹಾದಿತ್ತು. ನಾನು ಆಕ್ಷೇಪಣೆ ಕೊಟ್ಟೆ. ನಮ್ಮ ಕಟ್ಟಡದ ಸೊಸೈಟಿಯ ಹೆಂಗಸರ ಬಾಗಿಲು ಬಾಗಿಲಿಗೆ ಹೋಗಿ ಜೊತೆಗೆ ಬನ್ನಿ ಎಂದೆ. ಹಾಲು ಎಲ್ಲರಿಗೂ ಬೇಕು, ಕಚೇರಿ ಅಂದರೆ ಮಾತ್ರ ಎಲ್ಲರಿಗೂ ಕೆಲಸ. ಎದುರುಮನೆಯ ಸಾಯಲಿ ಕೂಡ "ನೋಡೋಣ" ಎಂದು ಮರಾಠಿಯಲ್ಲಿ ಸಾಗಹಾಕಿದಳು. ಕೊನೆಗೆ, ಅಧಿಕಾರಿಯೊಬ್ಬರು ಬಂದು ಜಾಗ ನೋಡುತ್ತಾರೆ, ಅವರ ಅಭಿಪ್ರಾಯದ ಮೇಲೆ ಎಲ್ಲ ನಿಂತಿದೆ ಎಂದು ತಿಳಿಯಿತು. ಬರುವುದು ದೀಪಾವಳಿಯ ಮೊದಲು, ದ್ವಾದಶಿಯ ಸಂಜೆ.

ನಾನು ಆಗಲೇ ಲೆಕ್ಕ ಹಾಕಿದೆ. ಇದೇ ಹೊಲದ ಮೇವು, ಇದೇ ಆಕಳ ಹಾಲು, ನನ್ನ ಕೈಯ ಬಾಸುಂದಿ. ಒಂದು ಬಟ್ಟಲು ಹೊಟ್ಟೆಗಿಳಿದರೆ ಎಂಥ ಅಧಿಕಾರಿಯೂ ಮೆತ್ತಗಾಗಲೇಬೇಕು.

ದ್ವಾದಶಿಯ ಬೆಳಿಗ್ಗೆ ಮನೆಯಲ್ಲಿದ್ದ ದೊಡ್ಡ ಬೋಗುಣಿ ಹಿಡಿದು ಕೆಳಗಿಳಿದೆ. ಕೊಟ್ಟಿಗೆಯಲ್ಲಿ ಬಕೇಟು ಬೋರಲು ಬಿದ್ದಿತ್ತು. ಕರುಗಳೆಲ್ಲ ಬಿಚ್ಚಿಕೊಂಡು ತಾಯಂದಿರ ಕೆಚ್ಚಲಿಗೆ ಗುಮ್ಮುತ್ತಿದ್ದವು. ಚನ್ನಬಸವ್ವ ಗೋಡೆಗೊರಗಿ ನೋಡುತ್ತ ಕೂತಿದ್ದಳು.

"ಇವತ್ತ ಹಾಲ ಇಲ್ರಿ ಗೋದಕ್ಕಾರ," ಅಂದಳು. "ವಸುಬಾರಸ ಐತಿ. ಆಕಳ ಕರುವಿನ ಹಬ್ಬ. ಇವತ್ತ ಈ ಕಡೆ ಹೆಣ್ಮಕ್ಕಳು ಆಕಳ ಹಾಲ ಬಾಯಾಗ ಹಾಕೂದಿಲ್ಲ. ಎಲ್ಲಾ ಕರುವಿಂದ."

ನಮ್ಮ ಕಡೆ ದೀಪಾವಳಿ ಶುರುವಾಗುವುದು ನೀರು ತುಂಬುವ ಹಬ್ಬದಿಂದ. ಅದಕ್ಕೂ ಒಂದು ದಿನ ಮುಂಚೆ ಇಲ್ಲಿ ಹಬ್ಬವಿದೆಯೆಂದು ನನಗೇನು ಕನಸು ಬಿದ್ದಿತ್ತೇ?

"ಸಂಜಿಗೆ ಅಧಿಕಾರಿ ಬರತಾರ. ಒಂದ ಆಕಳಾದರೂ ಹಿಂಡಿ ಕೊಡವಾ," ಎಂದೆ.

"ಆಗೂದಿಲ್ರಿ."

"ಹೊಲಾನೇ ಹೋದ ಮ್ಯಾಲೆ ನಿನ್ನ ಕರು ಎಲ್ಲಿ ನಿಂತು ಕುಡೀತದ? ಭಾಳ ಶಾಣ್ಯಾಕಿ ಇದ್ದೀ."

ಅವಳು ನನ್ನ ಹಾಗೆ ದನಿ ಏರಿಸುವವಳಲ್ಲ. ಕರುವಿನ ಬೆನ್ನು ಸವರುತ್ತ ಅಂದಳು, "ಹೊಲ ಉಳಸಾಕಂತ ಇದರ ಪಾಲ ಕಸಗೊಂಡ್ರ, ಉಳದ ಹೊಲದಾಗ ಯಾವ ಮಾರಿ ಹೊತ್ತು ನಿಂದರ್ಲಿ ಹೇಳ್ರಿ."

ಖರೆ ಮಾತು ಕೇಳಿದಾಗಲೇ ನನಗೆ ಸಿಟ್ಟು ಹೆಚ್ಚು. ಬೋಗುಣಿ ಬಗಲಿಗಿಟ್ಟುಕೊಂಡು ದಡದಡ ಮೆಟ್ಟಿಲು ಹತ್ತಿ ಬಂದೆ. ಇಡೀ ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಇವಳ ಹೊಲ ಹೋದರೆ ನಾನು ಯಾರ ಸಂಗಡ ಕನ್ನಡ ಮಾತಾಡಲಿ, ಜಗಳ ಯಾರ ಸಂಗಡ ಆಡಲಿ?

ಸಂಜೆ ಅಧಿಕಾರಿ ಬಂದಳು. ಪ್ರಾಚಿ ಅಂತ ಹೆಸರು, ಮೂವತ್ತೈದರ ಹೆಣ್ಣುಮಗಳು. ಮುಖ ಬಿಗಿ, ಮಾತು ಕಡಿಮೆ. ಬದುವಿನ ಮೇಲೆ ಸುತ್ತಾಡಿ ಬಂದು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಳು. ನಾನು ಬೇರೆ ದಾರಿಯಿಲ್ಲದೆ ಮನೆಯಿಂದ ಮಾಡಿ ತಂದ, ಹಾಲಿಲ್ಲದ ನಿಂಬೆಹುಲ್ಲಿನ ಕರಿ ಚಹಾ ಕೊಟ್ಟೆ. ನನಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಗಿತ್ತು.

ಅವಳು ಮರಾಠಿಯಲ್ಲಿ ಚನ್ನಬಸವ್ವನನ್ನು ಕೇಳಿದಳು, "ಇದಕ್ಕೆ ಬರುವ ಪರಿಹಾರದಲ್ಲಿ ದೂರದ ಶಿರೂರಿನ ಕಡೆ ಇದರ ನಾಲ್ಕು ಪಟ್ಟು ಹೊಲ ಸಿಗುತ್ತದೆ. ಇಲ್ಲೇ ಯಾಕೆ?"

"ಹೊಲ ಸಿಗುತ್ತದೆ ಬಾಯಿಸಾಹೇಬರೆ," ಎಂದಳು ಚನ್ನಬಸವ್ವ. "ಈ ಹಾಲು ಕುಡಿದು ಬೆಳೆದ ಮಕ್ಕಳು ಅಲ್ಲಿ ಸಿಗುವುದಿಲ್ಲ."

ಅಷ್ಟರಲ್ಲಿ ಗೇಟಿನ ಕಡೆ ಬಳೆ ಸದ್ದಾಯಿತು. ನೋಡಿದರೆ ಸೊಸೈಟಿಯ ಹೆಂಗಸರು, ಮುಂದೆ ಸಾಯಲಿ. ಎಲ್ಲರ ಕೈಯಲ್ಲೂ ಆರತಿತಟ್ಟೆ, ಅರಿಷಿಣ, ಕುಂಕುಮ, ಹೂ. ನನ್ನ ಮಾತಿಗೆ ಬಂದರೆಂದು ಒಂದು ಗಳಿಗೆ ಹಿಗ್ಗಿದೆ. ಎಲ್ಲಿಯ ಮಾತು? ಅಧಿಕಾರಿ ಬರುವುದು ಅವರಿಗೆ ನೆನಪೂ ಇರಲಿಲ್ಲ. ಆಕಳು ಕರುಗಳನ್ನು ಪೂಜಿಸಲು ಬಂದಿದ್ದರು. ಸುತ್ತ ಎಲ್ಲೂ ಕರುವಿನ ಸಮೇತ ನಿಂತ ಆಕಳೇ ಇಲ್ಲವಲ್ಲ. ತುಂಗಿಯ ಮುಂದಿನಿಂದ ಗೇಟಿನವರೆಗೆ ಸಾಲು ನಿಂತಿತು.

ಪ್ರಾಚಿ ಎದ್ದು ನಿಂತು ಕೇಳಿದಳು, "ಇಲ್ಲಿಯ ಹಾಲು ಯಾರ ಯಾರ ಮನೆಗೆ ಹೋಗುತ್ತದೆ? ಕೈ ಎತ್ತಿ."

ಕೈ ಎತ್ತುವುದು ಹೇಗೆ? ಎಲ್ಲರವೂ ತಟ್ಟೆ ಹಿಡಿದ ಕೈಗಳು. ಸಾಯಲಿ ಅತ್ತಿತ್ತ ನೋಡಿದಳು. ಆಮೇಲೆ ದೀಪ ಆರದಂತೆ ಸಾವಕಾಶ ತಟ್ಟೆಯನ್ನೇ ತಲೆಯ ಮೇಲೆ ಎತ್ತಿದಳು. ಅವಳ ಹಿಂದಿನವಳು ಎತ್ತಿದಳು. ನೋಡನೋಡುತ್ತ ಗೇಟಿನವರೆಗೂ ದೀಪಗಳು ಮೇಲೆದ್ದವು.

ಪ್ರಾಚಿ ಒಂದೊಂದೇ ದೀಪ ಎಣಿಸಿದಳು. ಹೊರಡುವಾಗ ನನ್ನ ಕೈಗೆ ಖಾಲಿ ಕಪ್ಪು ಕೊಟ್ಟು, "ಚಹಾ ಚೆನ್ನಾಗಿತ್ತು. ಹಾಲು ಹಾಕಿದ್ದರೆ ಮುಟ್ಟುತ್ತಿರಲಿಲ್ಲ, ಇವತ್ತು ನನ್ನದೂ ವ್ರತ. ಮಾತು ಕೊಡಲಾರೆ, ಕಂಡದ್ದನ್ನು ಬರೆಯುತ್ತೇನೆ," ಎಂದಳು. ನಾನು ಬಾಸುಂದಿಯನ್ನು ನೆನೆದು ಬೆವತೆ. ಚನ್ನಬಸವ್ವ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮಾಘಮಾಸದಲ್ಲಿ ಒಂದು ಬೆಳಿಗ್ಗೆ ಕಚೇರಿಯಿಂದ ನನಗೆ ಫೋನು ಬಂತು. ರಸ್ತೆಯನ್ನು ಹಳ್ಳದ ದಂಡೆಗುಂಟ ತಿರುಗಿಸಿದ್ದಾರೆ, ಹೊಲ ಹೊಲವಾಗಿಯೇ ಉಳಿಯುತ್ತದೆ. ಚಪ್ಪಲಿಯನ್ನೂ ಮೆಟ್ಟದೆ ಕೆಳಗೋಡಿದೆ. ಮೇವು ಕೊಯ್ಯುತ್ತಿದ್ದವಳಿಗೆ ಏದುಸಿರಿನಲ್ಲೇ ಹೇಳಿದೆ. ಕುಡುಗೋಲು ಕೆಳಗಿಟ್ಟು, "ಇನ್ನೊಮ್ಮೆ ಹೇಳ್ರಿ," ಅಂದಳು. ಇನ್ನೊಮ್ಮೆ ಹೇಳಿದೆ.

ನನ್ನನ್ನು ಅಲ್ಲೇ ಬಿಟ್ಟು ನೇರ ಕೊಟ್ಟಿಗೆಗೆ ನಡೆದಳು. ತುಂಗಿಯ ಕೊರಳಿಗೆ ತೆಕ್ಕೆ ಹಾಯ್ದು, ಕಿವಿಗೆ ಬಾಯಿ ಹಚ್ಚಿ, "ಉಳೀತ ನಮ್ಮವ್ವ, ನಮ್ಮ ಹೊಲ ನಮಗ ಉಳೀತು," ಎನ್ನುತ್ತ ಬಿಕ್ಕಿ ಬಿಕ್ಕಿ ಅತ್ತಳು. ಸುದ್ದಿ ತಂದವಳು ನಾನು. ಆದರೆ ಅವತ್ತು ಬಾಗಿಲಲ್ಲಿ ನಿಂತು ಕಾಯಲು ನನಗೆ ಚೂರೂ ಬೇಸರವೆನಿಸಲಿಲ್ಲ.

ಅತ್ತು ಮುಗಿಸಿ ಕಣ್ಣೊರೆಸಿಕೊಂಡು ನನ್ನ ಕಡೆ ಹೊರಳಿದಳು.

"ಗೋದಕ್ಕಾರ, ನಮ್ಮ ಹೊಲ ಉಳೀತ್ರಿ," ಅಂದಳು.

"ಹೌದೇನವಾ?" ಅಂದೆ ನಾನು, ಈಗಲೇ ಕೇಳಿದವಳ ಹಾಗೆ. "ಭಾಳ ಚೊಲೋ ಆತು."