ಎಲ್ಲೆಲ್ಲೂ ತೇಲುತ್ತಿದ್ದ ದನಿ

ಕಣ್ಣಿನ ಡಾಕ್ಟರಮ್ಮನ ಮನೆಯ ಟಿವಿ ಕೋಣೆಯ ಕಿಟಕಿಗೆ ಪರದೆ ಎಳೆದೊಡನೆ ಹಗಲೇ ಕನಸಾಯಿತು. ಚಿಕ್ಕಮ್ಮ ಹಾಡು ಹಾಕಿದಳು. ಹಾಡುವವಳ ದನಿ ಟಿವಿಯ ಕಡೆಯಿಂದ ಬರದೆ ಹೊಗೆಯ ಹಾಗೆ ಸೂರಿನಡಿ ತೇಲಿತು, ನನ್ನ ಕತ್ತಿನ ಹಿಂದೆ ಸುಳಿಯಿತು. ಸೋಫಾದ ನಡುವೆ ಕುಳಿತ ಡಾಕ್ಟರಮ್ಮ ಕಣ್ಣು ಮುಚ್ಚಿ, ನೀರಿನೊಳಗೆ ಕೂತಂತಿದೆ ಎಂದರು. ನಾನೂ ತೇಲುತ್ತಿದ್ದೆ. ಸಿನಿಮಾದಲ್ಲಿ ನಾಯಕಿ ಬರುವ ಮುಂಚೆ ಎಲೆಗಳು ನಿಧಾನವಾಗಿ ಉದುರುತ್ತವಲ್ಲ, ಥೇಟ್ ಹಾಗೆ.

ಚಿಕ್ಕಮ್ಮ ಮಾತ್ರ ತೇಲಲಿಲ್ಲ. ಮನೆಮನೆಗೆ ಟಿವಿ, ಸ್ಪೀಕರ್ ಕೂರಿಸುವ ನಮ್ಮ ಕಸುಬಿನಲ್ಲಿ ಅವಳದು ನಾಯಕಿಯ ಪಾತ್ರ, ನನ್ನದು ಏಣಿ ಹಿಡಿಯುವ ಹಾಸ್ಯನಟನದು. ಡೋಲಿನ ಸದ್ದಿಗೆ ಹೊಟ್ಟೆಯೇ ಇಲ್ಲವಲ್ಲ ಎಂದು ಗೊಣಗಿ ಜೇಬಿನಿಂದ ಒಂದು ಬ್ಯಾಟರಿ ಸೆಲ್ ತೆಗೆದಳು. ಸೆಲ್ಲಿಗೆ ಸಿಕ್ಕಿಸಿದ ತಂತಿಗಳನ್ನು ಸ್ಪೀಕರಿನ ಬೆನ್ನಿಗೆ ಮುಟ್ಟಿಸಿದರೆ ಅದರ ಕಾಗದದ ಹೊಟ್ಟೆ ಮುಂದಕ್ಕೆ ಉಬ್ಬಬೇಕು. ಬಲಗಡೆಯದು ಉಬ್ಬಿತು. ಎಡಗಡೆಯದು ಗುಂಪು ಫೋಟೋದಲ್ಲಿ ನಿಂತ ನಮ್ಮ ಭಾವನ ಹಾಗೆ ಒಳಕ್ಕೆಳೆದುಕೊಂಡಿತು. ಕಾರ್ಖಾನೆಯಲ್ಲೇ ಒಳಗಿನ ತಂತಿಗಳನ್ನು ತಿರುಗುಮುರುಗು ಕೂರಿಸಿದ್ದರು. ಒಂದು ಉಬ್ಬುವಾಗ ಇನ್ನೊಂದು ಒಳಕ್ಕೆಳೆದುಕೊಂಡರೆ ಡೋಲಿನ ಪೆಟ್ಟು ಸಾಯುತ್ತದೆ, ದನಿ ಒಂದು ಕಡೆ ನಿಲ್ಲದೆ ಅಲೆಯುತ್ತದೆ. ಮರದ ಹೊಳಪಿಗೆ ಮರುಳಾಗಿ ಡಾಕ್ಟರಮ್ಮ ತಾವೇ ಕೊಂಡು ತಂದಿದ್ದ ಸ್ಪೀಕರುಗಳವು.

ಸರಿಮಾಡುತ್ತೇನೆ ಎಂದಳು ಚಿಕ್ಕಮ್ಮ. ಮುಟ್ಟಬೇಡಿ ಎಂದರು ಡಾಕ್ಟರಮ್ಮ. ಅವರ ಆಸ್ಪತ್ರೆಯ ಹೊಸ ಸಭಾಂಗಣದ ಸಮಿತಿಯವರು ಸಂಜೆ ಇದನ್ನೇ ಕೇಳಲು ಬರುವವರಿದ್ದರು. ಹಿಡಿಸಿದರೆ ಆ ಕೆಲಸ ನಮ್ಮದು. ಅದರ ಆಸೆಗೆ ಚಿಕ್ಕಮ್ಮ ನಿದ್ದೆಯಲ್ಲೂ ಕೇಬಲ್ ಅಳೆಯುತ್ತಿದ್ದಳು. ಕೈಗೆ ಬಂದ ತುತ್ತು, ಸುಮ್ಮನಿರು ಎಂದು ನಾನು ಅವಳ ಕಿವಿಯಲ್ಲಿ ಉಸುರಿದೆ.

"ಡಾಕ್ಟ್ರೇ, ಕಣ್ಣು ಮುಚ್ಕೊಂಡೇ, ಹಾಡ್ತಿರೋಳು ಎಲ್ಲಿ ನಿಂತಿದ್ದಾಳೆ, ತೋರಿಸಿ ನೋಡೋಣ," ಎಂದಳು ಅವಳು.

ಡಾಕ್ಟರಮ್ಮನ ಬೆರಳು ಮೇಲೆದ್ದು, ಗಾಳಿಯಲ್ಲಿ ಅಲೆದು, ಮಡಿಲಿಗೆ ಮರಳಿತು. "ಎಲ್ಲಾ ಕಡೆ."

"ಸಭಾಂಗಣದಲ್ಲಿ ಭಾಷಣ ಮಾಡೋರೂ ಹೀಗೇ ತೇಲಾಡ್ಬೇಕಾ? ಇದನ್ನ ಕೇಳಿಸಿ ಕೆಲಸ ಹಿಡಿದ್ರೆ ನನ್ನ ಹೆಸರು ಅಲ್ಲೇ ಮುಳುಗುತ್ತೆ."

"ನಿಮ್ಮ ಸ್ಪೀಕರಿಗೆ ಮೆಳ್ಳೆಗಣ್ಣು ಮೇಡಂ," ಎಂದೆ ನಾನು. "ನಿಮಗೇ ಗೊತ್ತಾಗ್ಲಿಲ್ವಲ್ಲ."

ಚಿಕ್ಕಮ್ಮನ ಮೊಣಕೈ ನನ್ನ ಪಕ್ಕೆಗೆ ತಿವಿಯಿತು. ಡಾಕ್ಟರಮ್ಮ ನಗಲಿಲ್ಲ, ಏನೋ ಮಾಡಿಕೊಳ್ಳಿ ಎಂಬಂತೆ ಕೈಯಾಡಿಸಿದರು.

ಎಡಗಡೆಯ ತಂತಿಗಳು ಅದಲುಬದಲಾದವು. ದನಿ ಗೋಡೆಗಳಿಂದ, ಸೂರಿನಿಂದ ಒಟ್ಟುಗೂಡಿ ಬಂದು ಟಿವಿಯ ನಡುವೆ, ಹಾಡುವವಳ ತುಟಿಯ ಮೇಲೆ ಕೂತಿತು. ಡೋಲಿನ ಪೆಟ್ಟು ನೆಲದೊಳಗಿಂದ ಅಂಗಾಲಿಗೆ ಬಡಿಯಿತು. ಡಾಕ್ಟರಮ್ಮ ಎದ್ದು, ನಿದ್ದೆಯಲ್ಲಿ ನಡೆಯುವವರಂತೆ ಹೋಗಿ, ದನಿಯಿದ್ದಲ್ಲಿಗೆ ಕೈ ಚಾಚಿದರು.

"ಮೊದಲು ನನ್ನ ಪಕ್ಕದಲ್ಲೇ ಇದ್ಲು," ಎಂದರು. "ಈಗ ಅಲ್ಲಿ ಹೋಗಿ ನಿಂತ್ಬಿಟ್ಟಳು."

ಮೊದಲಿನದೇ ಬೇಕಾದರೆ ಬೇರೆ ಯಾರನ್ನಾದರೂ ಕರೆಸಿ, ನನ್ನ ಕೈಯಿಂದ ಆಗುವುದಿಲ್ಲ ಎಂದಳು ಚಿಕ್ಕಮ್ಮ. ನಾನು ಮನಸ್ಸಿನಲ್ಲೇ ಸಭಾಂಗಣದ ಕೆಲಸಕ್ಕೆ 'ಶುಭಂ' ಬೋರ್ಡು ಹಾಕಿದೆ.

ಡಾಕ್ಟರಮ್ಮ ಹಾಡು ಮುಗಿಯುವವರೆಗೂ ಅಲ್ಲೇ ನಿಂತರು. ಆಮೇಲೆ, ಸಂಜೆ ನೀವೂ ಇರಬೇಕು, ಸಭಾಂಗಣಕ್ಕೆ ಸ್ಪೀಕರ್ ಆರಿಸುವುದು ನಾನಲ್ಲ, ನೀವೇ ಎಂದರು. ಮುಖದಲ್ಲಿ ಮಾತ್ರ ಯಾರನ್ನೋ ಬಸ್ಸು ಹತ್ತಿಸಿ ಬಂದವರ ಕಳೆ ಇತ್ತು.