ನೂರ ತೊಂಬತ್ತಮೂರು ಮೀಟರ್

ಆ ಅಂಕಿಯನ್ನು ನಕ್ಷೆ ಕಚೇರಿಗೆ ಕಳಿಸಿದವನು ನಾನೇ. ವಿದರ್ಬಿ ಗ್ರಾಮಸಭೆಯ ಗುಮಾಸ್ತ; ನಕ್ಷೆಯ ಕೆಲಸವನ್ನು ಪಕ್ಕದ ಲೆಸ್ಟರ್ ನಗರದ ಸಂಜೆ ತರಗತಿಯಲ್ಲಿ ಕಲಿತವನು. ನಗರದ ಕೊನೆಯ ಮನೆಗೂ ನಮ್ಮ ಮೊದಲ ಮನೆಗೂ ನಡುವೆ ಇನ್ನೂರು ಮೀಟರ್ ಬಯಲಿಲ್ಲದಿದ್ದರೆ ಎರಡನ್ನೂ ಒಂದೇ ನಗರಪ್ರದೇಶವೆಂದು ಎಣಿಸುತ್ತಾರೆ. ಆ ಬಯಲಿನಲ್ಲಿ ಹೊಸ ಮನೆಯೊಂದು ಎದ್ದ ಮೇಲೆ ಮೂರು ಸಲ ಅಳೆದೆ. ಮೂರು ಸಲವೂ ನೂರ ತೊಂಬತ್ತಮೂರು. ನಾಲ್ಕನೆಯ ಸಲ ಅಳೆಯಬೇಕಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಹೊಸ ನಕ್ಷೆಯಲ್ಲಿ ನಮ್ಮೂರಿನ ಹೆಸರಿರಲಿಲ್ಲ. ಲೆಸ್ಟರ್‌ನ ಬಣ್ಣವೇ ನಮ್ಮ ಮೇಲೂ ಹರಡಿತ್ತು.

"ಊರೇ ಇಲ್ಲ ಅಂದ್ಮೇಲೆ ಗಡಿ ಬಡಿಯೋದೇನು?" ಎಂದ ಅಧ್ಯಕ್ಷ ರೂಪರ್ಟ್ ಗ್ಯಾಂಬಲ್. ಪ್ರತಿ ಮೇ ತಿಂಗಳು ಹಳೆಯ ಗಡಿಯುದ್ದಕ್ಕೂ ನಡೆದು, ವಿಲೋ ಮರದ ಕೋಲಿನಿಂದ ಕಲ್ಲುಗಳನ್ನು ಬಡಿದು ಬರುತ್ತಿದ್ದೆವು. "ಈ ಸಲ ಬೇಡ. ಇನ್ಮುಂದೇನೂ ಬೇಡ."

ಎಂಬತ್ತೊಂದರ ವಿನಿಫ್ರೆಡ್ ಟುಲ್ಲಿ ಎದ್ದು ನಿಂತರು. "ಗಡಿ ಮರೀಬಾರ್ದು ಅಂತ ಸೇತುವೆ ಕಲ್ಲಿನ ಮೇಲೆ ನಿನ್ನ ತಲೆಕೆಳಗಾಗಿ ಹಿಡಿದವಳು ನಾನು ಕಣೋ. ಆಗ ನಿಂಗೆ ಏಳು ವರ್ಷ. ಈಗ ತೂಕ ಜಾಸ್ತಿ ಆಗಿದೆ, ಇಲ್ದಿದ್ರೆ ಇನ್ನೊಂದ್ಸಲ ಹಿಡೀತಿದ್ದೆ!"

ಸಭೆ ನಕ್ಕಿತು. ಅವರು ನನ್ನತ್ತ ತಿರುಗಿದರು. "ಡೆಸ್ಮಂಡ್, ಏಳೇ ಏಳು ಮೀಟರ್ ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ?"

"ಆಗ್ಲಿಲ್ಲ, ಮಿಸೆಸ್ ಟುಲ್ಲಿ. ಅಳತೆ ಸರಿಯಾಗಿದೆ."

"ಹಾಗಾದ್ರೆ ಗಡೀನೂ ಸರಿಯಾಗೇ ತೋರ್ಸು. ಭಾನುವಾರ ಹಳೇ ನಕ್ಷೆ ತಗೊಂಡ್ ಬಾ."

"ಅವನು ಬಂದ್ರೆ ನಾವು ಬೇರೆ ಗುಮಾಸ್ತನ್ನ ನೋಡ್ಕೋತೀವಿ," ಎಂದ ರೂಪರ್ಟ್.

ಆದರೂ ಭಾನುವಾರ ನಕ್ಷೆ ಹಿಡಿದು ಹೋದೆ. ಹನ್ನೆರಡು ಜನರಿದ್ದೆವು. ಗಡಿಗೆರೆ ಆ ಹೊಸ ಮನೆಯ ಅಡುಗೆಮನೆಯ ನಡುವೆಯೇ ಹಾದುಹೋಗಿತ್ತು. ಬಾಗಿಲು ತೆಗೆದವಳು ಮನೆಯೊಡತಿ ಹಂಸಾ ಲಖಾನಿ.

"ಕ್ಷಮಿಸಿ, ನಮ್ಮೂರಿನ ಗಡಿ ನಿಮ್ಮ ಅಡುಗೆಮನೆ ಒಳಗಿದೆ," ಎಂದೆ.

ಆಕೆ ಎಲ್ಲರನ್ನೂ ಒಮ್ಮೆ ನೋಡಿದಳು. "ಬೂಟು ಹೊರಗೆ. ಕೋಲು ಬೇಕಾದ್ರೆ ಒಳಗೆ ತನ್ನಿ."

ಮಂಡಿಯೂರಿ ಟೇಪು ಹಾಸಿದೆ. ಕಿಟಕಿಯಿಂದ ಹಿಂಬಾಗಿಲಿನವರೆಗೆ ಗೆರೆ ತೋರಿಸಿದೆ.

"ಅಂದ್ರೆ ಒಲೆ ನಿಮ್ಮೂರಲ್ಲಿ, ಫ್ರಿಜ್ಜು ನಗರದಲ್ಲಿ?"

"ಹೌದು."

"ಮತ್ತೆ ಗಡಿ ಬಡಿಯೋಕೆ ನನ್ನ ಯಾಕ್ರೀ ಯಾರೂ ಕರೀಲಿಲ್ಲ? ದಿನಾ ನಿಂತು ಬೇಯಿಸೋದು ಇದೇ ಒಲೆ ಮುಂದೆ!" ವಿನಿಫ್ರೆಡ್ ಕೈಯಿಂದ ಕೋಲು ಕಿತ್ತುಕೊಂಡು ಆಕೆ ನೆಲಕ್ಕೆ ಫಟ್ಟೆಂದು ಬಡಿದಳು. ಆಮೇಲೆ ಅದನ್ನು ನನ್ನ ಕೈಗಿಟ್ಟಳು.

ನಾನು ಅದುವರೆಗೆ ಒಮ್ಮೆಯೂ ಬಡಿದವನಲ್ಲ. ಬರೆದುಕೊಳ್ಳುವುದಷ್ಟೇ ನನ್ನ ಕೆಲಸ. ಅವತ್ತು ಬಡಿದೆ. ನೆಲದ ಟೈಲು ಒಡೆಯಿತೇನೋ ಎಂದು ಬಗ್ಗಿ ನೋಡಿದೆ. ಒಡೆದಿರಲಿಲ್ಲ. ಇನ್ನೊಮ್ಮೆ ಬಡಿದೆ.

ಸೋಮವಾರ ಸಭೆಯ ಪುಸ್ತಕ ತೆರೆದೆ. ತಪ್ಪಿದರೆ ಅಳಿಸಲು ಬರಲಿ ಎಂದು ನಾನು ಯಾವಾಗಲೂ ಮೊದಲು ಪೆನ್ಸಿಲಿನಲ್ಲಿ ಬರೆಯುವವನು. ಅವತ್ತು ನೇರವಾಗಿ ಶಾಯಿಯಲ್ಲೇ ಬರೆದೆ: "ನಡುವಿನ ಬಯಲು ನೂರ ತೊಂಬತ್ತಮೂರು ಮೀಟರ್. ಅಳತೆ ಸರಿ. ವಿದರ್ಬಿಯ ಗಡಿ ಬಡಿಯಲಾಯಿತು. ಹದಿಮೂರು ಜನ ಹಾಜರು." ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿ, ಪುಸ್ತಕವನ್ನು ತೆರೆದೇ ರೂಪರ್ಟ್‌ನ ಮೇಜಿನ ಮೇಲಿಟ್ಟು ಬಂದೆ.